ಇಸ್ರೇಲ್ ಚುನಾವಣೆಯನ್ನು ಹಿಂಬಾಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಎಷ್ಟೋ ಮನೆಗಳಿಗೆ ಇಸ್ರೇಲ್ ಬರೀ ವಿದೇಶಿ ಸುದ್ದಿಯಲ್ಲ. ಮಂಗಳೂರು, ಉಡುಪಿ ಕಡೆಯ ಸಾವಿರಾರು ಮಂದಿ ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಹಾಗಾಗಿ ಅಲ್ಲಿ ಚುನಾವಣೆ ಬಂದಾಗಲೆಲ್ಲ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಅವೇ ಪ್ರಶ್ನೆಗಳು ಎದುರಾಗುತ್ತವೆ. ಕೇಳಿದವರ ಮಾತಿನಲ್ಲೇ ಅವುಗಳನ್ನು ಇಲ್ಲಿ ಇಟ್ಟಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲು ತಿಳಿದಿರಬೇಕಾದದ್ದು

ನೆತನ್ಯಾಹು ಯಾವ ಕ್ಷೇತ್ರದಿಂದ ನಿಲ್ಲುತ್ತಾರೆ?

ಯಾವ ಕ್ಷೇತ್ರದಿಂದಲೂ ಅಲ್ಲ. ಇಸ್ರೇಲ್‌ನಲ್ಲಿ ಕ್ಷೇತ್ರಗಳೇ ಇಲ್ಲ, ಇಡೀ ದೇಶವೇ ಒಂದು ಕ್ಷೇತ್ರ. ಸಂಸತ್ತಿಗೆ ಕ್ನೆಸೆಟ್ ಎನ್ನುತ್ತಾರೆ, ಅದರಲ್ಲಿ 120 ಸ್ಥಾನ. ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಗಳನ್ನು ಕ್ರಮಸಂಖ್ಯೆ ಹಾಕಿ ಒಂದು ಪಟ್ಟಿ ಮಾಡಿ ಮೊದಲೇ ಸಲ್ಲಿಸುತ್ತದೆ. ಮತದಾರ ವೋಟು ಹಾಕುವುದು ಪಟ್ಟಿಗೆ, ವ್ಯಕ್ತಿಗಲ್ಲ. ಪಕ್ಷಕ್ಕೆ 32 ಸ್ಥಾನ ಬಂದರೆ ಪಟ್ಟಿಯ ಮೊದಲ 32 ಮಂದಿ ಒಳಗೆ, 33ನೆಯವರು ಹೊರಗೆ. ಪಟ್ಟಿಯ ಕ್ರಮವನ್ನು ಬದಲಿಸುವ ಅಧಿಕಾರ ಮತದಾರನಿಗಿಲ್ಲ.

ನಮ್ಮ ಲೋಕಸಭೆಯ ಲೆಕ್ಕದಲ್ಲಿ ಯೋಚಿಸುವವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಒಂದು ಪಕ್ಷ ಶೇ 38ರಷ್ಟು ಮತ ಪಡೆದು ಅರ್ಧಕ್ಕಿಂತ ಹೆಚ್ಚು ಸ್ಥಾನ ಗೆಲ್ಲಬಹುದು. ಅಲ್ಲಿ ಶೇ 25 ಮತಕ್ಕೆ ಸುಮಾರು ಕಾಲು ಭಾಗ ಸ್ಥಾನ. 1949ರ ಮೊದಲ ಚುನಾವಣೆಯಿಂದ ಇಲ್ಲಿಯವರೆಗೆ ಯಾವ ಪಕ್ಷವೂ ಒಂಟಿಯಾಗಿ ಬಹುಮತದ 61 ಮುಟ್ಟಿಲ್ಲ. ಅತಿ ಹತ್ತಿರ ಬಂದದ್ದು 1969ರಲ್ಲಿ, ಲೇಬರ್ ಮತ್ತು ಮಪಾಮ್ ಎಂಬ ಎರಡು ಪಕ್ಷಗಳು ಸೇರಿದ ಒಕ್ಕೂಟಕ್ಕೆ 56 ಬಂದಾಗ. ಅಂದರೆ ಸಮ್ಮಿಶ್ರ ಸರ್ಕಾರ ಅಲ್ಲಿ ಅಪವಾದವಲ್ಲ, ಅದೇ ನಿಯಮ.

ಅಲ್ಲಿ ಇವಿಎಂ ಇದೆಯಾ? ಚೀಟಿ ಮೇಲೆ ಬರೀ ಅಕ್ಷರ ಇರುತ್ತಂತಲ್ಲ?

ತಂತ್ರಜ್ಞಾನಕ್ಕೆ ಹೆಸರಾದ ದೇಶ, ಆದರೂ ಮತದಾನ ಇಂದಿಗೂ ಕಾಗದದಲ್ಲೇ. ಪರದೆಯ ಹಿಂದೆ ಒಂದು ತಟ್ಟೆ. ಅದರ ಒಂದೊಂದು ಗೂಡಿನಲ್ಲಿ ಒಂದೊಂದು ಪಕ್ಷದ ಚೀಟಿಗಳ ಕಟ್ಟು. ಕೆಲವು ಸಲ ಮೂವತ್ತು, ನಲವತ್ತು ಪಟ್ಟಿಗಳು ಕಣದಲ್ಲಿರುತ್ತವೆ. ತನಗೆ ಬೇಕಾದ ಒಂದು ಚೀಟಿಯನ್ನು ನೀಲಿ ಲಕೋಟೆಗೆ ಹಾಕಿ, ಹೊರಬಂದು, ಕಲ್ಪಿ ಎಂದು ಕರೆಯುವ ಮತಪೆಟ್ಟಿಗೆಗೆ ಇಳಿಬಿಟ್ಟರೆ ಮುಗಿಯಿತು.

ನಮ್ಮಲ್ಲಿ ಕಮಲ, ಕೈ, ತೆನೆ ಹೊತ್ತ ಮಹಿಳೆ ಮಾಡುವ ಕೆಲಸವನ್ನು ಅಲ್ಲಿ ಹೀಬ್ರೂ ಅಕ್ಷರಗಳು ಮಾಡುತ್ತವೆ. ಲಿಕುಡ್ ಪಕ್ಷದ್ದು ‘ಮಹಲ್’ ಎಂದು ಓದುವ ಮೂರು ಅಕ್ಷರ. ಲೇಬರ್ ಪಕ್ಷದ್ದು 2022ರಲ್ಲಿ ‘ಎಮೆತ್’ ಆಗಿತ್ತು, ಹಾಗೆಂದರೆ ಸತ್ಯ. ಯಾಯಿರ್ ಲಾಪಿಡ್ ಅವರ ಯೆಶ್ ಅತಿದ್ ಪಕ್ಷದ್ದು ‘ಪೋ’ ಎಂದು ಓದಬಹುದಾದ ಎರಡು ಅಕ್ಷರ, ಹಾಗೆಂದರೆ ಇಲ್ಲಿ. ಗೋಡೆಗಳ ಮೇಲೆ ದೊಡ್ಡದಾಗಿ ಬರೆದ ಒಂಟಿ ಅಕ್ಷರಗಳ ಚಿತ್ರವನ್ನು ಅಲ್ಲಿಂದ ಯಾರಾದರೂ ಕಳಿಸಿದರೆ ಅವು ಪ್ರಚಾರದ ಫಲಕಗಳೆಂದು ತಿಳಿಯಿರಿ.

ನಮ್ಮ ಅಕ್ಕ ಹತ್ತು ವರ್ಷದಿಂದ ಅಲ್ಲೇ ಇದ್ದಾಳೆ, ಅವಳಿಗೆ ವೋಟು ಇದೆಯಾ? ಮತ್ತೆ ಪ್ಯಾಲೆಸ್ತೀನಿಯರಿಗೆ?

ಮತದಾನ ಪೌರತ್ವ ಇರುವ 18 ವರ್ಷ ತುಂಬಿದವರಿಗೆ ಮಾತ್ರ. ಕೆಲಸದ ವೀಸಾದಲ್ಲಿ ಎಷ್ಟು ವರ್ಷ ಇದ್ದರೂ ಅಕ್ಕನಿಗೆ ಮತವಿಲ್ಲ. ಆದರೆ ಮುಂಬೈ ಕರಾವಳಿಯ ಬೆನೆ ಇಸ್ರೇಲ್ ಸಮುದಾಯದವರು, ಕೊಚ್ಚಿಯ ಯಹೂದಿಗಳು ಅಲ್ಲಿಗೆ ವಲಸೆ ಹೋಗಿ ನಾಗರಿಕರಾಗಿದ್ದಾರೆ, ಅವರಿಗೆಲ್ಲ ಮತವಿದೆ.

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ದಾಟುವಂತಿಲ್ಲ. ಇಸ್ರೇಲ್ ಒಳಗಿನ ಅರಬ್ ನಾಗರಿಕರು ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ, ಅವರು ಮತ ಹಾಕುತ್ತಾರೆ, ಸ್ಪರ್ಧಿಸುತ್ತಾರೆ, ಗೆಲ್ಲುತ್ತಾರೆ. ಪೂರ್ವ ಜೆರುಸಲೇಮಿನ ಬಹುಪಾಲು ಪ್ಯಾಲೆಸ್ತೀನಿಯರು ಕಾಯಂ ನಿವಾಸಿಗಳು, ನಾಗರಿಕರಲ್ಲ. ಆದ್ದರಿಂದ ಅವರಿಗೆ ಕ್ನೆಸೆಟ್ ಮತವಿಲ್ಲ. ವೆಸ್ಟ್ ಬ್ಯಾಂಕ್ ಮತ್ತು ಗಾಜಾದ ಪ್ಯಾಲೆಸ್ತೀನಿಯರಿಗೂ ಇಲ್ಲ. ಅದೇ ವೆಸ್ಟ್ ಬ್ಯಾಂಕ್‌ನ ವಸಾಹತುಗಳಲ್ಲಿರುವ ಇಸ್ರೇಲಿ ನಾಗರಿಕರಿಗೆ ಅವರ ಊರಲ್ಲೇ ಮತಗಟ್ಟೆ ಇರುತ್ತದೆ. ಫಲಿತಾಂಶ ಓದುವಾಗ ಈ ಸಂಗತಿಯನ್ನು ಮರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕ ಬದುಕುವ ಇಬ್ಬರಲ್ಲಿ ಒಬ್ಬರಿಗೆ ಮತವಿದೆ, ಇನ್ನೊಬ್ಬರಿಗಿಲ್ಲ.

ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ಅಂತಾರೆ, ಆದರೆ ಪ್ರತಿ ವರ್ಷ ನಡೀತಾ ಇತ್ತಲ್ಲ?

2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಚುನಾವಣೆಗಳು ನಡೆದವು. ಮೊದಲನೆಯದರಲ್ಲಿ ನೆತನ್ಯಾಹು ಅವರ ಲಿಕುಡ್ 35, ಬೆನ್ನಿ ಗಾಂಟ್ಜ್ ಅವರ ನೀಲಿ-ಬಿಳಿ ಪಕ್ಷವೂ 35. ಬಲಪಂಥೀಯರು ಮತ್ತು ಧಾರ್ಮಿಕ ಪಕ್ಷಗಳನ್ನು ಕೂಡಿಸಿದರೆ ನೆತನ್ಯಾಹು ಸರ್ಕಾರ ಸುಲಭ ಎನಿಸಿತ್ತು. ಆದರೆ ಬಲಪಂಥೀಯ ಪಕ್ಷವೊಂದರ ನಾಯಕ ಅವಿಗ್ದೋರ್ ಲೀಬರ್ಮನ್ ಒಳಗೆ ಬರಲಿಲ್ಲ. ಧಾರ್ಮಿಕ ಶಾಲೆಗಳಲ್ಲಿ ಓದುವ ಕಟ್ಟಾ ಸಂಪ್ರದಾಯಸ್ಥ ಯುವಕರನ್ನು ಸೇನೆಗೆ ಸೇರಿಸಿಕೊಳ್ಳುವ ಕಾನೂನಿನ ವಿಷಯದಲ್ಲಿ ಅವರು ಪಟ್ಟು ಸಡಿಲಿಸಲಿಲ್ಲ. ಅಲ್ಲಿಂದ ಶುರುವಾದ ಗಂಟು 2022ರವರೆಗೂ ಬಿಚ್ಚಲಿಲ್ಲ. ಜೊತೆಗೆ ನೆತನ್ಯಾಹು ಅವರ ಮೇಲಿನ ಭ್ರಷ್ಟಾಚಾರದ ಮೊಕದ್ದಮೆಗಳು. ಸಿದ್ಧಾಂತದಲ್ಲಿ ಅವರಿಗೆ ಹತ್ತಿರವಿದ್ದ ಕೆಲವರೇ ಅವರ ಕೈಕೆಳಗೆ ಕೂರುವುದಿಲ್ಲ ಎಂದರು. ಎಡ ಬಲ ಎಂಬ ಹಳೆಯ ಗೆರೆಯ ಮೇಲೆ ‘ನೆತನ್ಯಾಹು ಬೇಕು, ಬೇಡ’ ಎಂಬ ಹೊಸ ಗೆರೆ ಬಿದ್ದದ್ದು ಹೀಗೆ.

## ಎಣಿಕೆಯ ರಾತ್ರಿ

ಇಲ್ಲಿ ಎಷ್ಟು ಗಂಟೆಗೆ ಟಿವಿ ಹಾಕಬೇಕು?

ಅಲ್ಲಿ ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಸಾಮಾನ್ಯವಾಗಿ ಮಂಗಳವಾರ, ಸಾರ್ವಜನಿಕ ರಜೆ. 10 ಹೊಡೆದ ಕ್ಷಣಕ್ಕೆ ಮೂರು ಪ್ರಮುಖ ವಾಹಿನಿಗಳು ತಮ್ಮ ಮತಗಟ್ಟೆ ಸಮೀಕ್ಷೆ ಪ್ರಕಟಿಸುತ್ತವೆ. ಅಲ್ಲಿ ಬೇಸಿಗೆ ಗಡಿಯಾರ ನಡೆಯುತ್ತಿದ್ದರೆ ನಮಗೆ ಆಗ ನಡುರಾತ್ರಿ 12.30, ಇಲ್ಲದಿದ್ದರೆ 1.30. 2022ರ ನವೆಂಬರ್ 1ರ ಚುನಾವಣೆಗೆ ಎರಡೇ ದಿನ ಮೊದಲು ಅವರು ಗಡಿಯಾರ ಹಿಂದಕ್ಕಿಟ್ಟಿದ್ದರು, ಒಂದು ಗಂಟೆ ಮೊದಲೇ ಎದ್ದು ಕೂತು ಕಾದವರಲ್ಲಿ ನಾನೂ ಒಬ್ಬ. ನಿದ್ದೆಗೆಡಲಾಗದವರು ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ನಷ್ಟವೇನಿಲ್ಲ, ನಿಜವಾದ ಎಣಿಕೆ ಗಟ್ಟಿಯಾಗತೊಡಗುವುದೇ ಆ ಹೊತ್ತಿಗೆ.

ಎಕ್ಸಿಟ್ ಪೋಲ್ ನಂಬಬಹುದಾ?

ಒಟ್ಟು ಚಿತ್ರಕ್ಕೆ ಪರವಾಗಿಲ್ಲ, ಕೂದಲೆಳೆಯ ಪೈಪೋಟಿ ಇದ್ದಾಗ ನಂಬಬೇಡಿ. 2015ರಲ್ಲಿ ಲಿಕುಡ್ ಮತ್ತು ಎದುರಾಳಿ ಜಿಯೋನಿಸ್ಟ್ ಯೂನಿಯನ್ ಹೆಚ್ಚುಕಡಿಮೆ ಸಮ ಎಂದವು ಸಮೀಕ್ಷೆಗಳು. ಬೆಳಗಾಗುವಷ್ಟರಲ್ಲಿ ಅದು 30-24 ಆಗಿತ್ತು. 2019ರ ಏಪ್ರಿಲ್‌ನಲ್ಲಿ ಒಂದು ವಾಹಿನಿಯ ಸಮೀಕ್ಷೆ ನೋಡಿ ಗಾಂಟ್ಜ್ ವಿಜಯ ಭಾಷಣವನ್ನೇ ಮಾಡಿದರು, ಎಣಿಕೆ ಮುಗಿದಾಗ ಸಮಬಲ.

ನನ್ನ ನೆನಪಿನಲ್ಲಿ ಅಚ್ಚೊತ್ತಿರುವುದು 2021ರ ಮಾರ್ಚ್ 23. ರಾತ್ರಿ 10ಕ್ಕೆ ಬಂದ ಸಮೀಕ್ಷೆಯಲ್ಲಿ ಇನ್ನೊಬ್ಬ ಬಲಪಂಥೀಯ ನಾಯಕ ನಫ್ತಾಲಿ ಬೆನೆಟ್ ಬೆಂಬಲಿಸಿದರೆ ನೆತನ್ಯಾಹು ಬಣಕ್ಕೆ 61. ಕೆಲವು ಗಂಟೆಗಳಲ್ಲಿ ಅದು 60ಕ್ಕೆ ಇಳಿಯಿತು. ಮನ್ಸೂರ್ ಅಬ್ಬಾಸ್ ಅವರ ರಾಮ್ ಎಂಬ ಅರಬ್ ಪಕ್ಷ ಸ್ಥಾನ ಪಡೆಯಲು ಬೇಕಾದ ಶೇ 3.25 ಮತದ ಹೊಸ್ತಿಲು ದಾಟುವುದಿಲ್ಲ ಎಂದು ಸಮೀಕ್ಷೆಗಳು ಹೇಳಿದ್ದವು, ಎಣಿಕೆಯಲ್ಲಿ ಅದು ದಾಟಿಬಿಟ್ಟಿತು. ಕೊನೆಗೆ ಬೆನೆಟ್ ಸೇರಿದರೂ ನೆತನ್ಯಾಹು ಬಣ 59ಕ್ಕೆ ನಿಂತಿತು. ಎಲ್ಲರೂ ಇಲ್ಲವೆಂದುಕೊಂಡಿದ್ದ ಒಂದು ಪಕ್ಷದ ನಾಲ್ಕು ಸ್ಥಾನ ದೇಶದ ದಿಕ್ಕನ್ನೇ ಬದಲಿಸಿತು.

ಇದಕ್ಕೂ ಹಳೆಯ ಉದಾಹರಣೆ 1996ರದ್ದು. ಆಗ ಪ್ರಧಾನಿಯನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಮೊದಲ ಬಾರಿಗೆ ಬಂದಿತ್ತು. ಲೇಬರ್ ಪಕ್ಷದ ಶಿಮೋನ್ ಪೆರೆಸ್ ಗೆದ್ದರು ಎಂದುಕೊಂಡು ಮಲಗಿದ ದೇಶ ಎದ್ದಾಗ ನೆತನ್ಯಾಹು ಪ್ರಧಾನಿ, ಶೇ 50.5 ಮತ್ತು ಶೇ 49.5ರ ಅಂತರದಲ್ಲಿ. ‘ಪೆರೆಸ್ ಜೊತೆ ಮಲಗಿದೆವು, ನೆತನ್ಯಾಹು ಜೊತೆ ಎದ್ದೆವು’ ಎಂಬ ಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ನೇರ ಆಯ್ಕೆಯ ಆ ಪದ್ಧತಿಯನ್ನು 2001ರ ಚುನಾವಣೆಯ ನಂತರ ಕೈಬಿಟ್ಟರು.

ಅಷ್ಟೊಂದು ಪಕ್ಷ, ಯಾವ ಅಂಕಿ ನೋಡಬೇಕು?

‘ಯಾರು ಮೊದಲ ಸ್ಥಾನ’ ಎಂಬುದನ್ನು ಬದಿಗಿಡಿ. ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ನೆತನ್ಯಾಹು ಜೊತೆ ಖಂಡಿತ ಕೂರುವವರು: 2022ರಲ್ಲಿ ಲಿಕುಡ್ 32, ಧಾರ್ಮಿಕ ಜಿಯೋನಿಸ್ಟರು 14, ಸಂಪ್ರದಾಯಸ್ಥರ ಪಕ್ಷಗಳಾದ ಶಾಸ್ 11, ಯುಟಿಜೆ 7, ಒಟ್ಟು 64. ಎರಡನೆಯದರಲ್ಲಿ ಖಂಡಿತ ಕೂರದವರು. ಮೂರನೆಯದರಲ್ಲಿ ಯಾರ ಜೊತೆ ಎಂದು ಬಾಯಿ ಬಿಡದವರು. ಮೂರನೆಯ ಕಾಲಂ ಖಾಲಿಯಿದ್ದರೆ ಆ ರಾತ್ರಿಯೇ ಉತ್ತರ ಸಿಗುತ್ತದೆ. ಅಲ್ಲಿ ಏಳೆಂಟು ಸ್ಥಾನ ಕುಳಿತಿದ್ದರೆ ವಾರಗಟ್ಟಲೆ ಕಾಯಬೇಕು. 2019ರ ಸೆಪ್ಟೆಂಬರ್‌ನಲ್ಲಿ 8 ಸ್ಥಾನ ಹಿಡಿದುಕೊಂಡು ಆ ಕಾಲಂನಲ್ಲಿ ಕುಳಿತವರು ಲೀಬರ್ಮನ್. ಆಗ ಯಾರಿಗೂ ಸರ್ಕಾರ ಕಟ್ಟಲಾಗಲಿಲ್ಲ.

ಶೇ 3.25 ಅಂತ ಪದೇ ಪದೇ ಹೇಳ್ತಾರೆ. ಅಷ್ಟು ಚಿಕ್ಕ ಸಂಖ್ಯೆಗೆ ಯಾಕೆ ಅಷ್ಟು ಗದ್ದಲ?

ನನ್ನ ಮಟ್ಟಿಗೆ ಇಡೀ ಚುನಾವಣೆಯಲ್ಲಿ ಕಣ್ಣಿಡಬೇಕಾದದ್ದು ಇದರ ಮೇಲೆಯೇ.

ದೇಶದಾದ್ಯಂತ ಬಿದ್ದ ಸಿಂಧು ಮತಗಳಲ್ಲಿ ಶೇ 3.25 ಪಡೆಯದ ಪಕ್ಷಕ್ಕೆ ಒಂದೂ ಸ್ಥಾನವಿಲ್ಲ. ಅದಕ್ಕೆ ಬಿದ್ದ ಮತಗಳನ್ನು ಲೆಕ್ಕದಿಂದಲೇ ತೆಗೆದು, ಉಳಿದ ಪಕ್ಷಗಳ ನಡುವೆ 120 ಸ್ಥಾನ ಹಂಚುತ್ತಾರೆ. ಈ ಹೊಸ್ತಿಲು ಮೊದಲು ಶೇ 1 ಇತ್ತು, 1992ರಲ್ಲಿ 1.5, ನಂತರ 2, 2014ರಲ್ಲಿ 3.25. ದಾಟಿದವರಿಗೆ ಸಾಮಾನ್ಯವಾಗಿ ಕನಿಷ್ಠ ನಾಲ್ಕು ಸ್ಥಾನ, ದಾಟದವರಿಗೆ ಸೊನ್ನೆ. ನಡುವೆ ಒಂದು, ಎರಡು ಎಂಬುದೇ ಇಲ್ಲ.

2019ರ ಏಪ್ರಿಲ್‌ನಲ್ಲಿ ಬೆನೆಟ್ ಅವರ ‘ಹೊಸ ಬಲಪಂಥ’ ಎಂಬ ಪಕ್ಷ ಶೇ 3.22ಕ್ಕೆ ನಿಂತಿತು. ಬೇಕಿದ್ದದ್ದು ಇನ್ನು ಸುಮಾರು 1,400 ಮತ. ಸೈನಿಕರ ಮತಗಳು ಕೈಹಿಡಿಯಬಹುದು ಎಂದು ದಿನಗಟ್ಟಲೆ ಕಾದರು, ಹಿಡಿಯಲಿಲ್ಲ. ಆ ನಾಲ್ಕು ಸ್ಥಾನ ಬಲಪಂಥಕ್ಕೆ ದಕ್ಕಿದ್ದರೆ ಲೀಬರ್ಮನ್ ಹಠಕ್ಕೆ ಅಷ್ಟು ಬೆಲೆ ಇರುತ್ತಿರಲಿಲ್ಲ.

2022ರಲ್ಲಿ ಅದೇ ಹೊಡೆತ ಎದುರು ಬಣಕ್ಕೆ ಬಿತ್ತು. ಎಡಪಂಥೀಯ ಮೆರೆಟ್ಜ್ ಶೇ 3.16, ಸುಮಾರು 1.5 ಲಕ್ಷ ಮತ, ಕೊರತೆ ನಾಲ್ಕು ಸಾವಿರದಷ್ಟು. ಅರಬ್ ಪಕ್ಷ ಬಲಾದ್ ಶೇ 2.9. ಎರಡೂ ಸೇರಿ 2.8 ಲಕ್ಷಕ್ಕೂ ಹೆಚ್ಚು ಮತ ನೆಲಕ್ಕೆ ಚೆಲ್ಲಿಹೋಯಿತು. ಒಟ್ಟು ಮತಗಳಲ್ಲಿ ಎರಡು ಬಣಗಳು ಹೆಚ್ಚುಕಡಿಮೆ ಸರಿಸಮವಿದ್ದವು, ಆದರೆ ಸ್ಥಾನಗಳಲ್ಲಿ ನೆತನ್ಯಾಹು ಬಣಕ್ಕೆ ಸಲೀಸಾದ 64. ಇದು ಬರೀ ಅದೃಷ್ಟವಲ್ಲ. ಚುನಾವಣೆಗೆ ಮೊದಲು ಮೆರೆಟ್ಜ್ ಜೊತೆ ಒಂದೇ ಪಟ್ಟಿ ಮಾಡಲು ಲೇಬರ್ ಪಕ್ಷದ ನಾಯಕಿ ಮೆರಾವ್ ಮಿಖಾಯೆಲಿ ಒಪ್ಪಲಿಲ್ಲ. ಪಟ್ಟಿ ಸಲ್ಲಿಸುವ ಕೊನೆಯ ಗಳಿಗೆಯಲ್ಲಿ ಅರಬ್ ಪಕ್ಷಗಳು ಒಡೆದವು. ಅದೇ ಹೊತ್ತಿಗೆ ನೆತನ್ಯಾಹು ತಮ್ಮ ಕಡೆಯ ಚಿಕ್ಕ ಪಕ್ಷಗಳನ್ನು ಕೂರಿಸಿ ಒಂದೇ ಪಟ್ಟಿ ಮಾಡಿಸಿದ್ದರು. ಮತದಾನದ ದಿನಕ್ಕಿಂತ ಆರೇಳು ವಾರ ಮೊದಲೇ, ಪಟ್ಟಿ ಸಲ್ಲಿಸುವ ರಾತ್ರಿಯೇ ಅರ್ಧ ಫಲಿತಾಂಶ ಬರೆದಾಗಿತ್ತು. ಹಾಗಾಗಿ ಆ ರಾತ್ರಿಯನ್ನೂ ಎಣಿಕೆಯ ರಾತ್ರಿಯಷ್ಟೇ ಗಮನವಿಟ್ಟು ನೋಡಿ.

ಶೇ 90ರಷ್ಟು ಎಣಿಸಿದ ಮೇಲೂ ಸ್ಥಾನ ಯಾಕೆ ಬದಲಾಗ್ತಾ ಇರುತ್ತೆ?

ಉಳಿದ ಶೇ 10 ಸಾಮಾನ್ಯ ಮತಗಳಲ್ಲ, ಜೋಡಿ ಲಕೋಟೆಯ ಮತಗಳು. ಸೈನಿಕರು, ಆಸ್ಪತ್ರೆಯಲ್ಲಿರುವವರು, ಕೈದಿಗಳು, ವಿದೇಶದಲ್ಲಿರುವ ರಾಜತಾಂತ್ರಿಕರು ತಮ್ಮ ಊರಿನ ಮತಗಟ್ಟೆಗೆ ಹೋಗಲಾರರು. ಅವರ ನೀಲಿ ಲಕೋಟೆಯನ್ನು ಹೆಸರು, ಗುರುತಿನ ಸಂಖ್ಯೆ ಬರೆದ ಇನ್ನೊಂದು ಲಕೋಟೆಯೊಳಗೆ ಹಾಕಿ ಮುಚ್ಚುತ್ತಾರೆ. ಅವೆಲ್ಲ ಜೆರುಸಲೇಮಿಗೆ ಬಂದ ಮೇಲೆ, ಅದೇ ವ್ಯಕ್ತಿ ಬೇರೆಡೆ ಮತ ಹಾಕಿಲ್ಲ ಎಂದು ತಾಳೆ ನೋಡಿ, ಹೊರ ಲಕೋಟೆ ತೆಗೆದು, ಆಮೇಲೆ ಎಣಿಸುತ್ತಾರೆ. ಕೋವಿಡ್ ಕಾಲದ 2021ರಲ್ಲಿ ಇಂಥವು ಸುಮಾರು ನಾಲ್ಕೂವರೆ ಲಕ್ಷವಿದ್ದವು. ಹೊಸ್ತಿಲ ಮೇಲೆ ನಿಂತ ಪಕ್ಷಗಳ ಹಣೆಬರಹ ತಿಳಿಯುವುದು ಇಲ್ಲಿ. ಸಾಮಾನ್ಯ ನಾಗರಿಕ ರಜೆಗೆಂದೋ ಕೆಲಸಕ್ಕೆಂದೋ ಹೊರದೇಶದಲ್ಲಿದ್ದರೆ ಮತವಿಲ್ಲ, ಅಂಚೆ ಮತವೂ ಇಲ್ಲ.

## ಸರ್ಕಾರ ಕಟ್ಟುವ ವಾರಗಳು

ಅತಿ ದೊಡ್ಡ ಪಕ್ಷವನ್ನೇ ಮೊದಲು ಕರೀಬೇಕು ಅಂತ ಕಾನೂನಿದೆಯಾ?

ಇಲ್ಲ. ಅಧಿಕೃತ ಫಲಿತಾಂಶದ ನಂತರ ರಾಷ್ಟ್ರಾಧ್ಯಕ್ಷರು ಎಲ್ಲ ಪಕ್ಷಗಳನ್ನೂ ಒಂದೊಂದಾಗಿ ಕರೆದು ‘ಯಾರನ್ನು ಶಿಫಾರಸು ಮಾಡುತ್ತೀರಿ’ ಎಂದು ಕೇಳುತ್ತಾರೆ. ಸರ್ಕಾರ ಕಟ್ಟುವ ಸಾಧ್ಯತೆ ಯಾರಿಗೆ ಹೆಚ್ಚು ಎನಿಸುತ್ತದೋ ಆ ಸದಸ್ಯರಿಗೆ 28 ದಿನ ಕೊಡುತ್ತಾರೆ, ಕೇಳಿದರೆ ಇನ್ನು 14 ದಿನ ಸೇರಿಸಬಹುದು. ಆಗಲಿಲ್ಲವೆಂದರೆ ಇನ್ನೊಬ್ಬರಿಗೆ 28 ದಿನ. ಅದೂ ವಿಫಲವಾದರೆ 21 ದಿನ ಕ್ನೆಸೆಟ್‌ನ ಅಂಗಳಕ್ಕೆ ಚೆಂಡು: 61 ಸಹಿ ತಂದ ಯಾರಿಗಾದರೂ ಅವಕಾಶ. ಯಾರೂ ತರದಿದ್ದರೆ ಮತ್ತೆ ಚುನಾವಣೆ. 2019ರ ಕೊನೆಯಲ್ಲಿ ಈ ಮೂರೂ ಮೆಟ್ಟಿಲು ಹತ್ತಿ ಮೂರರಲ್ಲೂ ಸೋತರು.

2009ರಲ್ಲಿ ತ್ಸಿಪಿ ಲಿವ್ನಿ ಅವರ ಕದಿಮಾ 28, ಲಿಕುಡ್ 27. ಮೊದಲು ಬಂದವರು ಲಿವ್ನಿ, ಪ್ರಧಾನಿಯಾದವರು ನೆತನ್ಯಾಹು.

ನಮ್ಮಲ್ಲಿ 2018ರಲ್ಲಿ ಕುಮಾರಸ್ವಾಮಿ ಆದ ಹಾಗೆ, ಅಲ್ಲೂ ಚಿಕ್ಕ ಪಕ್ಷದವರು ಪ್ರಧಾನಿ ಆಗಿದ್ದಾರಾ?

ಆಗಿದ್ದಾರೆ, ಇನ್ನೂ ಚಿಕ್ಕ ಪಕ್ಷದಿಂದ. 2021ರ ಜೂನ್ 13ರಂದು ಪ್ರಧಾನಿಯಾದ ಬೆನೆಟ್ ಅವರ ಯಮಿನಾ ಗೆದ್ದದ್ದು 120ರಲ್ಲಿ 7. ಬಲ, ಎಡ, ಮಧ್ಯ, ಅರಬ್ ಎಂದು ಎಂಟು ಪಕ್ಷಗಳು ಸೇರಿದ ಸರ್ಕಾರ ಅದು. 17 ಸ್ಥಾನ ಗೆದ್ದ ಲಾಪಿಡ್ ಪ್ರಧಾನಿ ಹುದ್ದೆಯ ಮೊದಲ ಸರದಿಯನ್ನು ಬೆನೆಟ್‌ಗೆ ಬಿಟ್ಟುಕೊಟ್ಟರು. ತನ್ನ ಪಕ್ಷದ ಸ್ಥಾನಬಲವನ್ನು ಮುಂದಿಟ್ಟು ಅವರು ಹಠ ಹಿಡಿದಿದ್ದರೆ ಸರ್ಕಾರವೇ ಆಗುತ್ತಿರಲಿಲ್ಲ. ಅವರ ಆ ನಡೆಯ ಬಗ್ಗೆ ನನಗೆ ಗೌರವವಿದೆ.

ಆ ಸರ್ಕಾರ 60-59ರಲ್ಲಿ ಗೆದ್ದಿತಂತೆ. 61 ಬೇಕಲ್ಲವಾ?

ಹೊಸ ಸರ್ಕಾರದ ವಿಶ್ವಾಸಮತಕ್ಕೆ ಮತ ಹಾಕಿದವರಲ್ಲಿ ಹೆಚ್ಚು ಮಂದಿ ಒಪ್ಪಿದರೆ ಸಾಕು. ಆ ದಿನ ಒಬ್ಬರು ತಟಸ್ಥರಾಗಿದ್ದರು. ಆದರೆ ಕುಳಿತ ಸರ್ಕಾರವನ್ನು ಅವಿಶ್ವಾಸದಿಂದ ಇಳಿಸಬೇಕಾದರೆ ಬೇರೊಬ್ಬ ಪ್ರಧಾನಿಯನ್ನು ಹೆಸರಿಸಿ 61 ಮತ ತರಬೇಕು. ಬರುವುದಕ್ಕಿಂತ ಬೀಳಿಸುವುದು ಕಷ್ಟ. ಆದ್ದರಿಂದ ಅಲ್ಲಿನ ಸರ್ಕಾರಗಳು ಸಾಮಾನ್ಯವಾಗಿ ಬೀಳುವುದು ಅವಿಶ್ವಾಸದಿಂದಲ್ಲ, ಕ್ನೆಸೆಟ್ ತನ್ನನ್ನೇ ವಿಸರ್ಜಿಸಿಕೊಂಡಾಗ, ಇಲ್ಲವೇ ಬಜೆಟ್ ಗಡುವು ತಪ್ಪಿದಾಗ. ನೆತನ್ಯಾಹು, ಗಾಂಟ್ಜ್ ಸರದಿಯ ಮೇಲೆ ಪ್ರಧಾನಿಯಾಗಬೇಕಿದ್ದ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಬಜೆಟ್ ಪಾಸಾಗದೆ ತಾನಾಗಿ ಬಿತ್ತು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಉಳಿಕೆ ಮತಗಳ ಒಪ್ಪಂದ ಅಂದರೇನು? ಉದಾಹರಣೆ ಕೊಟ್ಟು ಹೇಳಿ.

ಹೊಸ್ತಿಲು ದಾಟಿದ ಪಕ್ಷಗಳ ಒಟ್ಟು ಮತವನ್ನು 120ರಿಂದ ಭಾಗಿಸಿದರೆ ಒಂದು ಸ್ಥಾನದ ಬೆಲೆ ಸಿಗುತ್ತದೆ. ಅದು 40,000 ಎಂದಿಟ್ಟುಕೊಳ್ಳಿ. ದೊಡ್ಡ ಪಕ್ಷಕ್ಕೆ 10,50,000 ಮತ ಬಂದರೆ ಮೊದಲ ಸುತ್ತಿನಲ್ಲಿ 26 ಸ್ಥಾನ. ಒಂದು ಚಿಕ್ಕ ಪಕ್ಷಕ್ಕೆ 1,90,000 ಬಂದರೆ 4. ಇನ್ನೊಂದಕ್ಕೆ 2,30,000 ಬಂದರೆ 5. ಮಿಕ್ಕ ಸ್ಥಾನ ಯಾರಿಗೆ? ಪ್ರತಿ ಪಕ್ಷದ ಮತವನ್ನು ಅದರ ಸ್ಥಾನಕ್ಕೆ ಒಂದು ಕೂಡಿಸಿ ಭಾಗಿಸುತ್ತಾರೆ. ದೊಡ್ಡದಕ್ಕೆ 27ರಿಂದ ಭಾಗಿಸಿದಾಗ 38,888. ಚಿಕ್ಕವಕ್ಕೆ 38,000 ಮತ್ತು 38,333. ಸ್ಥಾನ ದೊಡ್ಡದರ ಪಾಲು.

ಈಗ ಆ ಎರಡು ಚಿಕ್ಕ ಪಕ್ಷಗಳು ಮೊದಲೇ ಒಪ್ಪಂದಕ್ಕೆ ಸಹಿ ಹಾಕಿದ್ದವು ಎನ್ನಿ. ಆಗ ಅವನ್ನು ಒಂದೇ ಎಂದು ಎಣಿಸುತ್ತಾರೆ: 4,20,000 ಮತ, 9 ಸ್ಥಾನ, 10ರಿಂದ ಭಾಗಿಸಿದರೆ 42,000. ಸ್ಥಾನ ಈ ಜೋಡಿಗೆ ಬರುತ್ತದೆ, ಜೋಡಿಯೊಳಗೆ 38,333 ಇದ್ದವರಿಗೆ. ಈ ಲೆಕ್ಕಕ್ಕೆ ಬದೇರ್-ಓಫೆರ್ ವಿಧಾನ ಎಂದು ಹೆಸರು, 1973ರಲ್ಲಿ ಇದನ್ನು ತಂದ ಇಬ್ಬರು ಸದಸ್ಯರ ಹೆಸರು ಅದು. ಒಂದು ಷರತ್ತು: ಜೋಡಿಯ ಎರಡೂ ಪಕ್ಷಗಳು ತಮ್ಮ ಬಲದಿಂದಲೇ ಶೇ 3.25 ದಾಟಿರಬೇಕು. ಮುಳುಗುವವರನ್ನು ಈ ಒಪ್ಪಂದ ಎತ್ತುವುದಿಲ್ಲ.

ಅರಬ್ ಪಕ್ಷಗಳ ಸ್ಥಾನ ಇಷ್ಟು ಏರಿಳಿತ ಯಾಕೆ?

ಒಂದಾದಾಗ ಜನ ಮತಗಟ್ಟೆಗೆ ಬರುತ್ತಾರೆ, ಒಡೆದಾಗ ಮನೆಯಲ್ಲಿ ಉಳಿಯುತ್ತಾರೆ. 2015ರಲ್ಲಿ ಒಂದೇ ಪಟ್ಟಿ, 13 ಸ್ಥಾನ. 2019ರ ಏಪ್ರಿಲ್‌ನಲ್ಲಿ ಒಡೆದು 10. ಆಮೇಲೆ ಮತ್ತೆ ಒಂದಾಗಿ 2020ರಲ್ಲಿ 15. 2021ರಲ್ಲಿ ರಾಮ್ ಬೇರೆಯಾಯಿತು, ಎರಡೂ ಸೇರಿ ಮತ್ತೆ 10. ಸರ್ಕಾರದಲ್ಲಿ ಕೂರುವುದು ಸರಿಯೇ ಎಂಬ ಪ್ರಶ್ನೆಯೂ ಇದರ ಕೆಳಗಿದೆ. ಹೊರಗಿದ್ದು ಪ್ರತಿಭಟಿಸಬೇಕೆನ್ನುವವರು ಒಂದು ಕಡೆ. ರಸ್ತೆ, ಶಾಲೆ, ಅರಬ್ ಊರುಗಳಲ್ಲಿ ಹೆಚ್ಚುತ್ತಿರುವ ಕೊಲೆಗಳ ತಡೆ, ಇವನ್ನು ಒಳಗೆ ಕೂತೇ ಪಡೆಯಬೇಕೆಂದ ಅಬ್ಬಾಸ್ ಇನ್ನೊಂದು ಕಡೆ. ಸ್ವತಂತ್ರ ಅರಬ್ ಪಕ್ಷವೊಂದು ಸರ್ಕಾರದ ಪಾಲುದಾರನಾದದ್ದು 2021ರಲ್ಲೇ ಮೊದಲು. ಎಣಿಕೆಯ ರಾತ್ರಿ ಉಮ್ ಅಲ್ ಫಹಮ್, ನಜರೆತ್, ರಹತ್ ಊರುಗಳ ಮತದಾನ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಸಾಲು ಉದ್ದವಿದ್ದರೆ ಒಟ್ಟು ಮತ ಹೆಚ್ಚುತ್ತದೆ, ಹೊಸ್ತಿಲಿಗೆ ಬೇಕಾದ ಮತವೂ ಮೇಲೇರುತ್ತದೆ, ಅಂಚಿನಲ್ಲಿ ನಿಂತ ಪ್ರತಿ ಪಕ್ಷಕ್ಕೂ ಅದು ತಟ್ಟುತ್ತದೆ.

ಗೆದ್ದವರ ಪಟ್ಟಿಯಲ್ಲಿ ಇಲ್ಲದ ಹೆಸರು ಕೆಲವೇ ವಾರದಲ್ಲಿ ಸದಸ್ಯರಾಗಿ ಬಂತಲ್ಲ, ಹೇಗೆ?

ಅದು ‘ನಾರ್ವೆ ಕಾನೂನು’. ಮಂತ್ರಿಯಾದವರು ಕ್ನೆಸೆಟ್ ಸ್ಥಾನಕ್ಕೆ ರಾಜೀನಾಮೆ ಕೊಡಬಹುದು, ಪಟ್ಟಿಯಲ್ಲಿ ಅವರ ನಂತರದವರು ಒಳಗೆ ಬರುತ್ತಾರೆ. ಮಂತ್ರಿಗಿರಿ ಬಿಟ್ಟರೆ ಹಳೆಯ ಸ್ಥಾನ ಮರಳುತ್ತದೆ, ಬಂದವರು ಹೊರಡುತ್ತಾರೆ. ಪ್ರಧಾನಿ ಮಾತ್ರ ಸದಸ್ಯರಾಗಿಯೇ ಇರಬೇಕು. ಆದ್ದರಿಂದ ನಿಮ್ಮ ಹಾಳೆಯಲ್ಲಿ ಹೆಸರುಗಳ ಬದಲು ಸ್ಥಾನಗಳ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಿ.